ನನ್ನ ದೊಡ್ಡ ವಾಲ್ವು ಮತ್ತು ಎದುರುಮನೆಯ ದೀಪ

ಫಜೀತಿಗಳು ನನ್ನ ವಿಳಾಸವನ್ನು ಯಾರಿಂದ ಪಡೆದುಕೊಂಡವೋ ಗೊತ್ತಿಲ್ಲ, ಊರಿಗೆ ಹೊಸದಾಗಿ ಬಂದವು ಕೂಡ ನೇರವಾಗಿ ನನ್ನ ಮನೆಗೇ ಬರುತ್ತವೆ. ಅದರಲ್ಲೂ ನಾನು ರೇಡಿಯೋ ಮುಟ್ಟಿದೆನೆಂದರೆ ಬಾಗಿಲು ತಟ್ಟುವ ಶಿಷ್ಟಾಚಾರವನ್ನೂ ಬಿಡುತ್ತವೆ.

ಅರವತ್ತರ ದಶಕದ ಶುರುವಿನಲ್ಲಿ ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಇನ್ನೂ ಮದುವೆಯಾಗಿರಲಿಲ್ಲ. ಬೇರೆಯವರಿಗೆ ಇಸ್ಪೀಟಿನ ಚಟವಿದ್ದಂತೆ ನನಗೆ ಹ್ಯಾಮ್ ರೇಡಿಯೋದ ಚಟ. ಸರ್ಕಾರದಿಂದ ಲೈಸೆನ್ಸು ಪಡೆದು, ತಂತಿ ಆಫೀಸಿನವರಂತೆ ಮೋರ್ಸ್ ಕೀಲಿ ಕುಟ್ಟುತ್ತ, ಇದೇ ಹುಚ್ಚು ಹಿಡಿದ ಪರದೇಶದವರ ಜೊತೆ ಮಾತಾಡುವುದು. ನನ್ನ ಪುಟ್ಟ ಪೆಟ್ಟಿಗೆಯ ದನಿ ಸಿಲೋನಿನ ಒಬ್ಬ ಟೀ ತೋಟದ ಗುಮಾಸ್ತನನ್ನು ಮುಟ್ಟಿ ಅಲ್ಲೇ ಸುಸ್ತಾಗಿ ಕೂರುತ್ತಿತ್ತು. ನನಗೆ ಬೇಕಾಗಿದ್ದದ್ದು ಪೆರು, ಭೂಮಿಯ ಆ ಮಗ್ಗುಲಿನ ದೇಶ.

ಪೆರುವೇ ಯಾಕೆಂದರೆ, ಗೌರಿಬಿದನೂರಿನಲ್ಲಿದ್ದ ನನ್ನ ಹ್ಯಾಮ್ ಸ್ನೇಹಿತನಿಗೆ ಅದು ಆಗಲೇ ಸಿಕ್ಕಿತ್ತು. ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಹ್ಯಾಮ್‌ಗಳು ಒಬ್ಬರಿಗೊಬ್ಬರು ಕಾರ್ಡು ಕಳಿಸುವುದು ರೂಢಿ. ಆ ಪುಣ್ಯಾತ್ಮ ಪೆರುವಿನ ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ನನ್ನನ್ನು ಕಂಡ ಕೂಡಲೇ ಅವನಿಗೆ ಸೆಕೆಯಾಗುತ್ತಿತ್ತು. ಕಾರ್ಡು ತೆಗೆದು ಗಾಳಿ ಬೀಸಿಕೊಳ್ಳುತ್ತಿದ್ದ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಹಾಗಾಗಿ ಲೈಸೆನ್ಸು ದೊಡ್ಡ ದರ್ಜೆಗೆ ಏರಿದ ಕೂಡಲೇ, ದನಿಯನ್ನು ಹತ್ತಾರು ಪಟ್ಟು ಜೋರು ಮಾಡುವ ದೊಡ್ಡ ವಾಲ್ವಿನ ಆಂಪ್ಲಿಫೈಯರ್ ಕಟ್ಟಲು ಹೊರಟೆ.

ನಾನಿದ್ದದ್ದು ಬಾಡಿಗೆಯ ಮಹಡಿ ಕೋಣೆಯಲ್ಲಿ. ಏರಿಯಲ್ ತಂತಿ ಕಟ್ಟಲು ಎರಡು ಎತ್ತರದ ತೆಂಗಿನ ಮರಗಳಿದ್ದದ್ದು ಆ ಮನೆಗೆ ಮಾತ್ರ. ಮನೆಯ ಯಜಮಾನಿ ಕೆಂಚಾರ್ಲಹಳ್ಳಿ ಕಡೆಯ ಹಿರಿಯಮ್ಮ, ಒಬ್ಬರೇ ಇದ್ದರು. ರಾತ್ರಿಯ ಊಟವೂ ಅವರದೇ. ಊಟ ಚೆನ್ನಾಗಿರುತ್ತಿತ್ತು, ಸಾರೊಂದನ್ನು ಬಿಟ್ಟು. ಅದಕ್ಕೆ ಇಬ್ಬರ ಪಾಲಿನ ಉಪ್ಪು ಬೀಳುತ್ತಿತ್ತು. ಆಂಪ್ಲಿಫೈಯರಿನ ಸುದ್ದಿ ಕೇಳಿ ಅವರು ಒಂದೇ ಷರತ್ತು ಹಾಕಿದರು.

"ಬೀದಿಯಿಂದ ಒಂದು ದೂರು ಬಂದ್ರೂ ಆ ಪೆಟ್ಟಿಗೆ ಮನೆಯಿಂದಾಚೆ ಹೋಗ್ಬೇಕು, ಮೇಷ್ಟ್ರೇ. ನೀವಿರಿ. ನೀವು ಒಳ್ಳೇವ್ರು."

ಎಷ್ಟು ಕ್ಯಾಂಡಲ್?

ವಾಲ್ವನ್ನು ಬೆಂಗಳೂರಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡೆ. ಯುದ್ಧಕಾಲದ ಮಿಲಿಟರಿ ಮಾಲು, ಉಪ್ಪಿನಕಾಯಿ ಜಾಡಿಯಷ್ಟು ದಪ್ಪ, ಮೈಯೆಲ್ಲ ಗಾಜು. ಪುಟಾಣಿ ರೈಲಿನಲ್ಲಿ ಅದನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆ. ಚಿಕ್ಕಬಳ್ಳಾಪುರದಲ್ಲಿ ಹತ್ತಿ ಎದುರಿಗೆ ಕೂತ ಮುದ್ದೇನಹಳ್ಳಿಯ ಗೌಡರೊಬ್ಬರು ಟವೆಲ್ಲಿನ ಸಂದಿಯಲ್ಲಿ ಇಣುಕಿ ನೋಡಿದರು.

"ಎಷ್ಟು ಕ್ಯಾಂಡಲ್ ಬಲ್ಬು ಸ್ವಾಮಿ ಇದು?"

"ಇದು ಬಲ್ಬಲ್ಲ ಗೌಡ್ರೇ, ವಾಲ್ವು."

"ಏನಾದ್ರೂ ಆಗ್ಲಿ. ಇದನ್ನ ಹಚ್ಚಿದ್ರೆ ನಿಮ್ಮ ಬೀದಿಗೆಲ್ಲ ಬೆಳಕಾಗ್ತದಾ?"

ನನಗೆ ಹೆಮ್ಮೆ ತಡೆಯಲಿಲ್ಲ. "ಬೀದಿ ಯಾವ ಲೆಕ್ಕ, ಇದರ ಪ್ರಭಾವ ಭೂಮಿಯ ಆ ಕಡೆಗೂ ಮುಟ್ಟುತ್ತೆ" ಎಂದೆ.

ಗೌಡರು ಪಕ್ಕದವರಿಗೆ ಹೇಳಿದರು. "ಶಿಡ್ಲಘಟ್ಟದೋರು ಬಿಡಪ್ಪ, ಇನ್ಮೇಲೆ ಕತ್ತಲೆ ಅನ್ನೋದೇ ನೋಡಲ್ಲ." ಆ ಮಾತು ಮುಂದೆ ನನ್ನನ್ನು ಎಷ್ಟು ಅಣಕಿಸಲಿದೆ ಎಂದು ಆಗ ತಿಳಿಯಲಿಲ್ಲ.

ಸೋರದ ಡಬ್ಬ

ವಾಲ್ವು, ಟ್ರಾನ್ಸ್‌ಫಾರ್ಮರು ಎಲ್ಲವನ್ನೂ ಕೂರಿಸಲು ತಗಡಿನ ಒಂದು ಪೆಟ್ಟಿಗೆ ಬೇಕು. ಅದರ ತುಂಬ ತೂತುಗಳಿರಬೇಕು. ವಾಲ್ವಿಗೊಂದು ದೊಡ್ಡ ತೂತು, ವೈರುಗಳಿಗೆ ಸಣ್ಣವು, ಬಿಸಿಗಾಳಿ ಹೋಗಲು ಇನ್ನೊಂದಿಷ್ಟು. ಚಿಂತಾಮಣಿಯಲ್ಲಿ ಕೊಳಗ, ಡಬ್ಬ, ಆಲಿಕೆ ಮಾಡುವ ತಗಡಿನ ಕೆಲಸದವರಿದ್ದರು. ತಲೆಮಾರುಗಳ ಕಸುಬು. ತಗಡನ್ನು ನಾನೇ ಕತ್ತರಿಸಿ, ನಾನೇ ತೂತು ಕೊರೆದು, "ಇದನ್ನು ಮಡಿಚಿ ಮೂಲೆಗಳಿಗೆ ಬೆಸುಗೆ ಹಾಕಿ ಕೊಡಿ" ಎಂದು ಅವರ ಅಂಗಡಿಯಲ್ಲಿ ಕೊಟ್ಟು ಬಂದೆ.

ಮುಂದಿನ ವಾರ ಹೋದರೆ ನನ್ನ ಪೆಟ್ಟಿಗೆ ಅಂಗಡಿಯ ಮುಂದೆ ಬಿಸಿಲಿನಲ್ಲಿ ಥಳಥಳ ಹೊಳೆಯುತ್ತಿತ್ತು. ಅದರ ತುಂಬ ನೀರು.

"ಏನಿದು?" ಎಂದೆ.

"ರಾತ್ರಿಯಿಂದ ನೀರು ತುಂಬಿ ಇಟ್ಟಿದೀನಿ ಸಾರ್. ಒಕ್ಕ ಚುಕ್ಕ ಸೋರಿಲ್ಲ, ಚೂಡಂಡಿ" ಎಂದರು ಅವರು, ತೆಲುಗು ಬೆರೆಸಿ. "ಯಾರು ಸಾರ್ ನಿಮಗೆ ಆ ತಗಡು ಕೊಟ್ಟಿದ್ದು? ಒಳ್ಳೇ ಮೋಸ. ಬರೀ ತೂತು. ಒಂದೊಂದಾಗಿ ಎಲ್ಲಾ ಮುಚ್ಚಿದೀನಿ. ಗಾಳಿ ಕೂಡ ಆಡಲ್ಲ."

ತೂತುಗಳನ್ನು ನಾನೇ ಕಷ್ಟಪಟ್ಟು ಕೊರೆದದ್ದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಒಳಗಿನಿಂದ ಇನ್ನೊಂದು ವಸ್ತು ತಂದರು. "ಮೇಷ್ಟ್ರು ಅಂತ ಒಂದು ಮುಚ್ಚಳಾನೂ ಮಾಡಿದೀನಿ. ಎರಡು ಹಿಡಿಕೆ ಕೊಸರು."

ನೀರು ಚೆಲ್ಲಿ, ದುಡ್ಡು ಕೊಟ್ಟು, ಡಬ್ಬವನ್ನು ಹೊತ್ತು ತಂದೆ. ಯಜಮಾನಮ್ಮ ನೋಡಿ ತುಂಬ ಮೆಚ್ಚಿದರು. ಈಗಲೂ ಆ ಮನೆಯಲ್ಲಿ ರಾಗಿಹಿಟ್ಟು ಅದರಲ್ಲೇ ಇದೆ, ಒಂದು ಇರುವೆಯೂ ಒಳಗೆ ಹೋಗಿಲ್ಲ. ಆಂಪ್ಲಿಫೈಯರನ್ನು ನಾನು ಹಳೇ ಹಲಗೆಯೊಂದರ ಮೇಲೆ ಕಟ್ಟಿದೆ.

ಒಂದು ಎಳೆ ಕಡಿದಿಲ್ಲ

ಮನೆಯ ಕರೆಂಟನ್ನು ಎರಡು ಸಾವಿರ ವೋಲ್ಟಿಗೆ ಏರಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಅದಕ್ಕೆ ಕೂದಲಿನಷ್ಟು ತೆಳು ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕು. ನಾನು ಸುತ್ತಿದಾಗಲೆಲ್ಲ ತಂತಿ ಕಡಿಯುತ್ತಿತ್ತು. ಆಗ ಹೊಳೆಯಿತು, ತೆಳು ಎಳೆಯನ್ನು ಕಡಿಯದಂತೆ ಸುತ್ತುವವರು ಶಿಡ್ಲಘಟ್ಟವನ್ನು ಬಿಟ್ಟರೆ ಬೇರೆಲ್ಲಿದ್ದಾರೆ? ಪಕ್ಕದ ಬೀದಿಯಲ್ಲಿ ಚರಕ ಹಾಕಿಕೊಂಡು ರೇಷ್ಮೆಗೂಡಿನಿಂದ ನೂಲು ಬಿಚ್ಚುವವರೊಬ್ಬರಿದ್ದರು. ತಂತಿಯನ್ನೂ ಸುತ್ತಬೇಕಾದ ಕಬ್ಬಿಣದ ಚೌಕಟ್ಟನ್ನೂ ಅವರಿಗೆ ಕೊಟ್ಟೆ.

ಸಂಜೆ ಅವರೇ ನಗುನಗುತ್ತ ಬಂದರು. ಒಂದು ಕೈಯಲ್ಲಿ ಖಾಲಿ ಚೌಕಟ್ಟು. ಇನ್ನೊಂದು ಕೈಯಲ್ಲಿ ನನ್ನ ತಂತಿಯೆಲ್ಲ ಜಡೆಯಂತೆ ಹೊಸೆದು ಗಂಟು ಹಾಕಿದ ಅಂದವಾದ ಲಡಿ. ರೇಷ್ಮೆಯನ್ನು ಮಾರುಕಟ್ಟೆಗೆ ಒಯ್ಯುವುದು ಹಾಗೇ.

"ಒಂದು ಎಳೆ ಕಡಿದಿಲ್ಲ ಸಾರ್. ಆದ್ರೆ ಒಂದು ಮಾತು. ಈ ಗೂಡು ಯಾವೂರಿಂದ ತರ್ತೀರೋ, ಬಣ್ಣ ಚೆನ್ನಾಗಿದೆ, ನೂಲು ಮಾತ್ರ ಬಹಳ ಗಡಸು. ಸೀರೆಗೆ ಆಗಲ್ಲ."

ಪಿಸುಮಾತಿನ ತಪಾಸಣೆ

ಹೇಗೋ ಆಂಪ್ಲಿಫೈಯರ್ ಎದ್ದು ನಿಂತಿತು. ದೊಡ್ಡ ವಾಲ್ವು ಉರಿಯಲು ಶುರುವಾದ ಮೇಲೆ ನನ್ನ ಕೋಣೆ ಮಾಗಿಯ ಚಳಿಯಲ್ಲೂ ಬೆಚ್ಚಗಿರುತ್ತಿತ್ತು. ಇದನ್ನು ಮೊದಲು ಕಂಡುಹಿಡಿದವರು ಯಜಮಾನಮ್ಮ. ಕೆಂಚಾರ್ಲಹಳ್ಳಿಯ ಅವರ ತಮ್ಮನ ಮನೆಯಲ್ಲಿ ರೇಷ್ಮೆಹುಳುಗಳು ಚಳಿಗೆ ಮಂಕಾಗಿದ್ದವು. ಒಂದು ಸಂಜೆ ಶಾಲೆಯಿಂದ ಬಂದು ನೋಡಿದರೆ ನನ್ನ ಮಂಚದ ಮೇಲೆ, ಕೆಳಗೆ, ಪುಸ್ತಕದ ಬೀರುವಿನ ಮೇಲೆ ಹುಳುವಿನ ತಟ್ಟೆಗಳು. ಸಾವಿರಾರು ಹುಳುಗಳು ಸೊಪ್ಪು ಮೇಯುತ್ತಿದ್ದವು.

"ನಿಮ್ಮ ಪೆಟ್ಟಿಗೆ ಒಂದಿಷ್ಟು ಹಚ್ಚಪ್ಪ, ಪಾಪ, ಚಳಿ ಅವಕ್ಕೆ" ಎಂದರು.

ನನಗೂ ಖುಷಿಯೇ ಆಯಿತು. ಹುಳುಗಳು ದೂರು ಕೊಡುವುದಿಲ್ಲವಲ್ಲ.

ಆ ವಾರವೇ ವೈರ್‌ಲೆಸ್ ಇಲಾಖೆಯ ಇನ್ಸ್‌ಪೆಕ್ಟರು ನನ್ನ ಸ್ಟೇಷನ್ ತಪಾಸಣೆಗೆ ಬಂದರು. ಬೂಟು, ಟೈ, ಬಾಯಲ್ಲಿ ಚುಟ್ಟಾ. ಯಜಮಾನಮ್ಮ ಅವರನ್ನು ಮೆಟ್ಟಿಲಲ್ಲೇ ತಡೆದರು. ಚುಟ್ಟಾ ಎಸೆಸಿದರು, ಬೂಟು ಬಿಚ್ಚಿಸಿದರು, ಕೈಕಾಲು ತೊಳೆಸಿದರು. "ಹುಳು ಜ್ವರಕ್ಕೆ ಕೂತಿವೆ, ಮಾತಾಡ್ಬೇಡಿ" ಎಂದರು. ರೇಷ್ಮೆಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಸುಮ್ಮನೆ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಮನೆಯಲ್ಲಿ ಯಾರೂ ಸದ್ದು ಮಾಡುವಂತಿಲ್ಲ.

ಇನ್ಸ್‌ಪೆಕ್ಟರು ಬರಿಗಾಲಿನಲ್ಲಿ ತಟ್ಟೆಗಳ ನಡುವೆ ತುದಿಬೆರಳಲ್ಲಿ ನಿಂತು, "ಎಷ್ಟು ವೋಲ್ಟು?" ಎಂದು ಪಿಸುಗುಟ್ಟಿದರು.

"ಎರಡು ಸಾವಿರ" ಎಂದು ನಾನೂ ಪಿಸುಗುಟ್ಟಿದೆ.

"ಒಂದ್ಸಲ ಆನ್ ಮಾಡಿ ತೋರಿಸಿ."

ಬಾಗಿಲಿನಿಂದ ಯಜಮಾನಮ್ಮನ ಪಿಸುಮಾತು ಬಂತು. "ಈಗಾಗಲ್ಲ. ಜ್ವರ ಬಿಟ್ಟ ಮೇಲೆ ಬನ್ನಿ."

ಇನ್ಸ್‌ಪೆಕ್ಟರು ತಲೆಯಾಡಿಸಿದರು. ಕೆಳಗೆ ಹೋಗಿ ಬೂಟು ಹಾಕಿಕೊಂಡು, ಜಟಕಾ ಹತ್ತಿ, ಬೀದಿಯ ಕೊನೆ ಮುಟ್ಟುವವರೆಗೂ ಪಿಸುಮಾತಿನಲ್ಲೇ ಇದ್ದರು. ಜಟಕಾದವನಿಗೆ ರೈಲು ಸ್ಟೇಷನ್ನಿಗೆ ಹೋಗು ಎಂದದ್ದು ಕೇಳಿಸದೆ ಅವನು ಗಾಡಿಯನ್ನು ಸಂತೆಗೆ ಹೊಡೆದನಂತೆ.

ಎದುರುಮನೆ

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಪೆರುವನ್ನು ಕರೆಯುತ್ತಿದ್ದೆ. ಇಲ್ಲಿ ಹೊತ್ತು ಮುಳುಗುವಾಗ ಅಲ್ಲಿ ಹೊತ್ತು ಮೂಡುತ್ತದೆ, ರೇಡಿಯೋ ಅಲೆ ದೂರ ಹೋಗಲು ಅದೇ ಒಳ್ಳೆಯ ಸಮಯ. ಪೆರು ಉತ್ತರ ಕೊಡುತ್ತಿರಲಿಲ್ಲ. ಬೇಸರ ಕಳೆಯಲು ಸಿಲೋನಿನ ಗುಮಾಸ್ತನ ಜೊತೆ ಮೋರ್ಸಿನಲ್ಲಿ ಹರಟೆ ಹೊಡೆಯುತ್ತಿದ್ದೆ. ಊರಿನಲ್ಲಿ ಯಾರಿಗೂ ಹೇಳಲಾಗದ್ದನ್ನೆಲ್ಲ ಅವನಿಗೆ ಹೇಳುತ್ತಿದ್ದೆ.

ಎದುರುಮನೆಯಲ್ಲಿ ತಂತಿ ಆಫೀಸಿನಿಂದ ನಿವೃತ್ತರಾದ ರಾಯರಿದ್ದರು. ಒಂದು ಬೆಳಿಗ್ಗೆ ಅವರು ನನ್ನನ್ನು ನಿಲ್ಲಿಸಿ, "ಅಲ್ಲಯ್ಯಾ ಮೇಷ್ಟ್ರೇ, ಸಿಲೋನಿನವರ ಮಗುಗೆ ಹೆಸರಿಟ್ರಾ?" ಎಂದರು.

ನಾನು ತಬ್ಬಿಬ್ಬಾದೆ. "ನಿಮಗೆ ಹೇಗೆ ಗೊತ್ತಾಯ್ತು ಸಾರ್?"

"ನೀನೇ ನಿನ್ನೆ ಶುಭಾಶಯ ಹೇಳಿದ್ಯಲ್ಲ."

ಆಗ ವಿಷಯ ತಿಳಿಯಿತು. ನಮ್ಮ ಬೀದಿಯ ಕರೆಂಟು ಮೊದಲೇ ಬಡಕಲು. ನಾನು ಕೀಲಿ ಒತ್ತಿದಾಗಲೆಲ್ಲ ದೊಡ್ಡ ವಾಲ್ವು ಕರೆಂಟನ್ನು ಹೀರಿ, ಬೀದಿಯ ದೀಪಗಳೆಲ್ಲ ಮಂಕಾಗುತ್ತಿದ್ದವು. ಬಿಟ್ಟರೆ ಬೆಳಗುತ್ತಿದ್ದವು. ಬೇರೆಯವರು ಕರೆಂಟಿನ ಇಲಾಖೆಯನ್ನು ಬೈದುಕೊಂಡು ಊಟ ಮಾಡುತ್ತಿದ್ದರು. ಜೀವಮಾನವೆಲ್ಲ ಮೋರ್ಸ್ ಕೇಳಿದ ರಾಯರು ಮಾತ್ರ ತಟ್ಟೆಯ ಮುಂದೆ ಕೂತು ತಮ್ಮ ಬಲ್ಬನ್ನು ಓದುತ್ತಿದ್ದರು. ರೈಲಿನಲ್ಲಿ ಸಿಕ್ಕ ಗೌಡರು ನೆನಪಾದರು. ಭೂಮಿಯ ಆ ಕಡೆಗೆ ಮುಟ್ಟಬೇಕಾದ ನನ್ನ ಮಾತು ಏರಿಯಲ್ಲೂ ಇಲ್ಲದೆ ಎದುರುಮನೆಗೆ ಮುಟ್ಟುತ್ತಿತ್ತು.

"ನಿನ್ನ ಕೈ ಸ್ವಲ್ಪ ಓಡುತ್ತೆ ಕಣಯ್ಯಾ, ಪದಕ್ಕೂ ಪದಕ್ಕೂ ಮಧ್ಯ ಉಸಿರು ಬಿಡು" ಎಂದರು ರಾಯರು. "ಸಿಲೋನಿನವ್ರು ಏನಂದ್ರು ಅಂತ ನನ್ನ ಬಲ್ಬಿಗೆ ಬರಲ್ಲ ನೋಡು, ಅದೊಂದೇ ಬೇಜಾರು. ಅಂದಹಾಗೆ, ಆ ಸಾರಿನ ವಿಷಯ ಬಹಳ ಚೆನ್ನಾಗಿ ಹೇಳಿದ್ದೆ. ನಮ್ಮಾಕೆ ಬಿದ್ದು ಬಿದ್ದು ನಕ್ಕಳು."

ಹಿಂದಿನ ವಾರ ಸಿಲೋನಿಗೆ ನಾನು ಹೇಳಿದ್ದೆ: ಸಮುದ್ರ ನಿಮ್ಮ ಊರಿನ ಸುತ್ತ ಇದೆ, ಆದರೆ ಅದರ ಉಪ್ಪೆಲ್ಲ ನಮ್ಮ ಯಜಮಾನಮ್ಮನ ಸಾರಿನಲ್ಲಿದೆ.

"ನಿಮ್ಮ ಮನೆಯವರು ಇನ್ಯಾರಿಗೂ ಹೇಳಿಲ್ಲ ತಾನೆ?"

"ಇಲ್ಲಪ್ಪ. ನಿಮ್ಮ ಯಜಮಾನಮ್ಮಂಗೆ ಒಬ್ಬರಿಗೇ."

ಪೆರು

ಯಜಮಾನಮ್ಮ ಮಹಡಿ ಹತ್ತಿ ಬಂದರು. ಕೈಯಲ್ಲಿ ಸೌಟಿತ್ತು.

"ಬೀದಿಯವ್ರು ದೂರು ಕೊಟ್ಟಿಲ್ಲ, ಮೇಷ್ಟ್ರೇ. ಈಗ ನಾನೇ ಕೊಡ್ತಿದೀನಿ. ಪೆಟ್ಟಿಗೆ ಆಚೆ ಹೋಗ್ಲಿ."

ನಾನು ಅಂಗಲಾಚಿದೆ. ಪೆರುವಿನ ವಿಷಯ, ಗೌರಿಬಿದನೂರಿನವನ ಬೀಸಣಿಗೆಯ ವಿಷಯ, ಎಲ್ಲ ಹೇಳಿಕೊಂಡೆ. ನಿಜವಾಗಿಯೂ ಅಳು ಬಂದಿತ್ತು. ಅವರು ಸ್ವಲ್ಪ ಕರಗಿದರು.

"ಹಾಗಾದ್ರೆ ಯಾವ ಪೆಟ್ಟಿಗೇಲಿ ಅಂದ್ರೋ ಅದೇ ಪೆಟ್ಟಿಗೇಲಿ, ಸಾರು ಬಹಳ ಚೆನ್ನಾಗಿದೆ ಅಂತ ಹೇಳಿ. ನನ್ನ ಕಣ್ಣೆದುರಿಗೆ. ನೀವು ಕುಟ್ಟೋದು ನಂಗೇನು ತಿಳೀತದೆ, ರಾಯ್ರು ನೋಡಿ ಹೇಳ್ಲಿ."

ಆ ಸಂಜೆ ಅವರು ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತರು. ರಾಯರು ಎದುರುಮನೆಯಲ್ಲಿ ಬಲ್ಬಿನ ಕೆಳಗೆ, ರಾಯರ ಹೆಂಡತಿ ಕಿಟಕಿಯಲ್ಲಿ. ನಾನು ಸಿಲೋನನ್ನು ಕರೆದು ಕುಟ್ಟಿದೆ: ನಮ್ಮ ಯಜಮಾನಮ್ಮನ ಸಾರು ಚೆನ್ನಾಗಿದೆ, ಉಪ್ಪು ಸರಿಯಾಗಿದೆ.

ಕಿಟಕಿಯಿಂದ ಕೂಗು ಬಂತು. "ಬಹಳ ಅನ್ನೋದು ಬಿಟ್ಟಿದ್ದಾರಂತೆ ಕಣ್ರೀ."

ಯಜಮಾನಮ್ಮ ನನ್ನತ್ತ ನೋಡಿದರು. ನಾನು ಮತ್ತೆ ಕುಟ್ಟಿದೆ, ಬಹಳವನ್ನು ಎರಡು ಸಲ ಸೇರಿಸಿ.

ಹೆಡ್‌ಫೋನಿನಲ್ಲಿ ಉತ್ತರ ಬಂತು. ಸಿಲೋನಿನ ದಪ್ಪ ದನಿಯಲ್ಲ, ತೆಳ್ಳಗೆ, ನಡುಗುತ್ತ, ಎಲ್ಲೋ ಬಾವಿಯ ತಳದಿಂದ ಬಂದಂತೆ. ದೇಶ ಯಾವುದೆಂದು ತಿಳಿಸುವ ಅವರ ಕರೆಹೆಸರು ಬರೆದುಕೊಂಡು ನೋಡಿದೆ. ಪೆರು. ಇಷ್ಟು ದಿನ ಕರೆದಾಗ ಓಗೊಡದ ಪೆರು ಸಾರಿನ ಹೆಸರಿಗೆ ಎದ್ದು ಬಂದಿತ್ತು.

"ಏನಂತಪ್ಪ?" ಎಂದರು ಯಜಮಾನಮ್ಮ.

"ಪೆರು ದೇಶದವರು ಅಮ್ಮಾ. ಸಾರು ಅಂದ್ರೆ ಏನು ಅಂತ ಕೇಳ್ತಿದ್ದಾರೆ."

ಅವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಬರ್ಕೊಳ್ಳಕ್ಕೆ ಹೇಳಿ. ಮೊದ್ಲು ಬೇಳೆ ತೊಳೀಬೇಕು."

ಶಿಡ್ಲಘಟ್ಟದ ದೀಪಗಳೆಲ್ಲ ಮಿಣುಕುತ್ತಿರಲು ನಾನು ಬೇಳೆ ಬೇಯಿಸಿದೆ, ಟೊಮೆಟೊ ಹಿಚುಕಿದೆ, ಹುಣಸೆಹಣ್ಣು ಕಿವುಚಿದೆ, ಒಗ್ಗರಣೆಗೂ ಬಂದೆ. ಇನ್ನೇನು ಉಪ್ಪು ಹೇಳಬೇಕು, ಅಷ್ಟರಲ್ಲಿ ಪೆರು ಗೊರಗೊರ ಸದ್ದಿನಲ್ಲಿ ಮುಳುಗಿಹೋಯಿತು.

ಎಷ್ಟೋ ತಿಂಗಳಿಗೆ ಕಾರ್ಡು ಬಂತು. ಹಿಂಬದಿಯಲ್ಲಿ ಬರೆದಿತ್ತು: "ಸಾರು ಮಾಡಿದೆವು. ಬಹಳ ಚೆನ್ನಾಗಿತ್ತು. ನೀವು ಉಪ್ಪಿನ ಮಾತು ಹೇಳಲಿಲ್ಲ, ಹಾಗಾಗಿ ನಾವೂ ಹಾಕಲಿಲ್ಲ."

ಓದಿ ಹೇಳಿದೆ. ಯಜಮಾನಮ್ಮ ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿದರು. ಅದನ್ನು ತೋರಿಸಲು ಗೌರಿಬಿದನೂರಿನವನನ್ನು ಕರೆತಂದೆ. ಅವನನ್ನು ಮೊದಲು ಊಟಕ್ಕೆ ಕೂರಿಸಿದರು. ಅವನು ಒಂದು ತುತ್ತು ಸಾರನ್ನ ಬಾಯಿಗಿಟ್ಟು ನನ್ನ ಮುಖ ನೋಡಿದ. ನಾನೂ ಒಂದು ತುತ್ತು ತಿಂದೆ. ಸಾರಿನಲ್ಲಿ ಒಂದು ಹರಳು ಉಪ್ಪಿರಲಿಲ್ಲ.

"ಪೆರುವಿನವ್ರು ಮಾಡೋ ಹಾಗೆ ಮಾಡಿದೀನಿ" ಎಂದರು ಯಜಮಾನಮ್ಮ. "ಇನ್ಮೇಲೆ ಹೀಗೇನೆ."

ಹೊಟ್ಟೆಯಲ್ಲಿದ್ದದ್ದನ್ನು ಸಿಲೋನಿಗಾದರೂ ಹೇಳಿಕೊಳ್ಳೋಣವೆಂದು ಮಹಡಿಗೆ ಓಡಿ ಕೀಲಿಯ ಮೇಲೆ ಕೈಯಿಟ್ಟೆ. ಕಿಟಕಿಯಾಚೆ ಎದುರುಮನೆಯ ದೀಪ ಉರಿಯುತ್ತಿತ್ತು. ಅದರ ಕೆಳಗೆ ರಾಯರೂ ಅವರ ಹೆಂಡತಿಯೂ ತಟ್ಟೆ ಮುಂದಿಟ್ಟುಕೊಂಡು ಬಲ್ಬನ್ನೇ ನೋಡುತ್ತ ಕಾಯುತ್ತಿದ್ದರು.

"ಸಾರು ಬಹಳ ಬಹಳ ಚೆನ್ನಾಗಿದೆ" ಎಂದು ಕುಟ್ಟಿದೆ.