ಬಿಳಿ ಕಾರಿನ ನೀಲಿ ಬಾಗಿಲು

ಕೆಲವರಿಗೆ ಹಾವು ಕಂಡರೆ ಹೆದರಿಕೆ, ಕೆಲವರಿಗೆ ಗುಡುಗು ಕೇಳಿದರೆ. ನನಗೂ ನನ್ನ ಅತ್ತೆಗೂ ಈಚೆಗೆ ಹೆದರಿಕೆ ಹುಟ್ಟಿಸುತ್ತಿರುವುದು ನಮ್ಮದೇ ಕಾರಿನ ಬಾಗಿಲು. ನಾನು ಮಿಜಾರಿನ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವವಳು. ಹಳೆಯ ಬಿಳಿ ಕಾರನ್ನು ನಾನೇ ಓಡಿಸುತ್ತೇನೆ. ಅತ್ತೆ ಯಾವಾಗಲೂ ಹಿಂದಿನ ಸೀಟಿನ ಎಡಬದಿಗೆ.

ಕೋಣ

ಮಾಣಿ ಪೇಟೆಯ ಹತ್ತಿರ ಎಳನೀರು ಕುಡಿಯಲು ನಿಲ್ಲಿಸಿದ್ದೆ. ಅತ್ತೆ ಒಳಗೇ ಕುಳಿತಿದ್ದರು. ಹಗ್ಗ ತಪ್ಪಿಸಿಕೊಂಡ ಕಂಬಳದ ಕೋಣವೊಂದು ಓಡಿಬಂದು ಅವರ ಬಾಗಿಲಿಗೇ ಗುದ್ದಿತು. ನನ್ನ ಕೈಯಿಂದ ಎಳನೀರು ಬಿತ್ತು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದಿದ್ದರು, ದೇವರಿಗೋ ಕೋಣಕ್ಕೋ ಗೊತ್ತಾಗಲಿಲ್ಲ.

ಕೋಣದ ಯಜಮಾನ ಏದುಸಿರು ಬಿಡುತ್ತಾ ಬಂದ. ಒಳಕ್ಕೆ ಹೋದ ಬಾಗಿಲನ್ನು ನೋಡಲಿಲ್ಲ, ಕೋಣದ ಕೊಂಬನ್ನು ಸವರಿ ಸವರಿ ನೋಡಿದ. ಆಮೇಲೆ ನನಗೆ ಸಮಾಧಾನ ಹೇಳಿದ, "ಹೆದರಬೇಡಿ ಅಕ್ಕ, ಕೋಣಕ್ಕೆ ಎಂತದೂ ಆಗಲಿಲ್ಲ."

ಗುಜರಿ

ಬಾಗಿಲು ಮತ್ತೆ ಹಾಕಿಕೊಳ್ಳಲಿಲ್ಲ. ತಿರುವಿನಲ್ಲಿ ತಾನಾಗಿ ತೆರೆದುಕೊಂಡು, ಅತ್ತೆ ಹೊರಗೆ ಬೀಳುವುದೊಂದು ಬಾಕಿ. ಹಗ್ಗದಿಂದ ಕಟ್ಟಿ, ನಿಧಾನವಾಗಿ ಬಂಟ್ವಾಳದ ಗುಜರಿ ಅಂಗಡಿಗೆ ಹೋದೆವು. ಅಲ್ಲಿ ಜಜ್ಜಿದ ಕಾರುಗಳು ಒಂದರ ಮೇಲೊಂದು. ಅತ್ತೆ ನನ್ನ ಸೆರಗು ಬಿಡಲಿಲ್ಲ.

ನಮ್ಮ ಮಾಡೆಲಿಗೆ ಹೊಂದುವ ಬಾಗಿಲು ಒಂದೇ ಇತ್ತು, ಅದೂ ನೀಲಿ. ಅತ್ತೆ ಮೆಲ್ಲ ಕೇಳಿದರು, "ಈ ಕಾರಿನಲ್ಲಿ ಇದ್ದವರು ಈಗ ಇದ್ದಾರಾ?"

"ಕಾರು ಕೆರೆಗೆ ಬಿದ್ದದ್ದು," ಎಂದರು ಅಂಗಡಿಯವರು.

ಅತ್ತೆಯ ಮುಖ ಬಿಳುಚಿತು. "ಅಯ್ಯೋ, ಒಳಗೆ ಎಷ್ಟು ಜನ?"

"ಯಾರೂ ಇಲ್ಲ. ಹ್ಯಾಂಡ್‌ಬ್ರೇಕ್ ಹಾಕದೆ ಎಲ್ಲರೂ ತಿಂಡಿಗೆ ಹೋಗಿದ್ರು."

ಬಾಗಿಲು ತೆಗೆದುಕೊಂಡೆವು. ಅಂದಿನಿಂದ ಯಾವ ಹೋಟೆಲಿಗೆ ಹೋದರೂ ಅತ್ತೆ ಕಾರು ಕಾಯುತ್ತಾರೆ. ಬನ್ಸ್ ಅವರಿದ್ದಲ್ಲಿಗೇ ಬರಬೇಕು.

ಹೊಗೆ

ಅತ್ತೆಗೆ ನಂಬಿಕೆ ಇರುವ ಮೆಕ್ಯಾನಿಕ್ ಬೆಳ್ತಂಗಡಿಯವನು. ಅವನು ಬಾಗಿಲು ಕೂರಿಸಿಕೊಟ್ಟ. ವಾಪಸು ಬರುವಾಗ, ಕಾಡಿನ ನಡುವೆ, ಕಾರಿನ ಎದುರು ದಟ್ಟ ಹೊಗೆ. ಎಂಜಿನ್ನಿಗೇ ಬೆಂಕಿ ಹಿಡಿಯಿತೆಂದು, "ಮಾಮಿ, ಇಳಿಯಿರಿ," ಎಂದು ಕೂಗುತ್ತಾ ನಾನು ಹಾರಿ ಓಡಿದೆ. ಸ್ವಲ್ಪ ದೂರ ಹೋಗಿ ತಿರುಗಿದರೆ ಅತ್ತೆ ಒಳಗೇ ಇದ್ದಾರೆ, ಹೊಸ ಬಾಗಿಲನ್ನು ದಬದಬ ಬಡಿಯುತ್ತಿದ್ದಾರೆ. ವಾಪಸು ಓಡಿ ಹೊರಗಿನಿಂದ ಎಳೆದೆ, ತೆರೆಯಿತು.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ, "ಅದು ಮಕ್ಕಳ ಲಾಕ್ ಅಕ್ಕ. ಹಾಕಿಯೇ ಇತ್ತು, ತೆಗೆಯಲು ಮರೆತೆ. ಅದಿದ್ದರೆ ಒಳಗಿನಿಂದ ತೆರೆಯುವುದಿಲ್ಲ," ಎಂದ. ಹೊಗೆಯೋ, ರಸ್ತೆ ಬದಿಯಲ್ಲಿ ಯಾರೋ ತರಗೆಲೆ ಸುಡುತ್ತಿದ್ದದ್ದು.

ಮನೆ ಮುಟ್ಟಿ ಅತ್ತೆ ಇಳಿಯುವಾಗ ಹೇಳಿದರು, "ಬೆಂಕಿ ಇಲ್ಲದ್ದು ಒಳ್ಳೆಯದಾಯ್ತು. ನೀನು ಎಷ್ಟು ಜೋರು ಓಡ್ತೀ ಅಂತಲೂ ಗೊತ್ತಾಯ್ತು."

ಹಿಂಬಾಲಿಸಿದವನು

ಕಳೆದ ವಾರ ಮೂಡುಬಿದಿರೆಗೆ ಹೊರಟಿದ್ದೆವು. ಮಿಜಾರು ದಾಟುವಾಗ ಕಪ್ಪು ಹೆಲ್ಮೆಟ್ಟಿನ ಒಬ್ಬ ಬೈಕಿನಲ್ಲಿ ನಮ್ಮ ಹಿಂದೆ ಬಿದ್ದ. ನಾನು ನಿಧಾನ ಮಾಡಿದರೆ ಅವನೂ ನಿಧಾನ. ಪಕ್ಕಕ್ಕೆ ಬಂದು ನೀಲಿ ಬಾಗಿಲನ್ನೇ ದಿಟ್ಟಿಸಿ ನೋಡಿ, ನಿಲ್ಲಿಸಲು ಕೈ ಮಾಡಿದ.

"ಕದ್ದ ಬಾಗಿಲಾ ಎಂತ?" ಅತ್ತೆ ಹಿಂದಿನಿಂದ ಕೇಳಿದರು.

ನಾನು ಗುಂಡಿ, ಹಂಪ್ ಯಾವುದನ್ನೂ ನೋಡದೆ ಓಡಿಸಿದೆ. ಒಂದು ರಿಕ್ಷಾ ಕೂದಲೆಳೆಯಲ್ಲಿ ಉಳಿಯಿತು. ಮೂಡುಬಿದಿರೆ ಪೇಟೆಯಲ್ಲಿ ಎದುರಿಗೆ ಬಸ್ಸು ಅಡ್ಡ ನಿಂತದ್ದರಿಂದ ನಾವೂ ನಿಲ್ಲಲೇಬೇಕಾಯಿತು. ಅವನು ಬಂದು ಗಾಜು ತಟ್ಟಿದ. ಜನ ಇದ್ದಾರಲ್ಲ ಎಂಬ ಧೈರ್ಯದಲ್ಲಿ ಒಂದು ಬೆರಳಿನಷ್ಟು ಇಳಿಸಿದೆ.

ಹೆಲ್ಮೆಟ್ ತೆಗೆದರೆ ಸಾಧು ಮುಖ. "ಮೇಡಂ, ನನ್ನದೂ ಇದೇ ಬಿಳಿ ಕಾರು. ಮರ ಬಿದ್ದು ಬಾಗಿಲುಗಳು ಹೋದವು, ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ನಿಮ್ಮದರಲ್ಲಿ ಒಂದು ಬಿಳಿ ಬಾಗಿಲು ಇಲ್ಲದ್ದು ನೋಡಿ, ಬಿಡಿಬಿಡಿಯಾಗಿ ಮಾರುತ್ತಿದ್ದೀರೇನೋ ಅಂದುಕೊಂಡೆ. ಉಳಿದ ಮೂರು ಕೊಡ್ತೀರಾ?"

ಹಿಂದಿನಿಂದ ಅತ್ತೆ ತಲೆ ಹೊರಹಾಕಿದರು.

"ಈಗ ಕೊಡ್ಲಿಕ್ಕೆ ಇಲ್ಲ. ಆದರೆ ನಮ್ಮ ಸೊಸೆ ಓಡಿಸುವುದನ್ನು ನೀವು ಹಿಂದಿನಿಂದ ನೋಡಿದಿರಲ್ಲ. ಸ್ವಲ್ಪ ದಿನ ಕಾಯಿರಿ, ಗುಜರಿಯಲ್ಲೇ ಸಿಗಬಹುದು."