ಸಾವಿರದ ಒಂಬತ್ತರ ಹಠ

ಊರವರ ಗೋಡೆಗಳಿಗೆಲ್ಲ ಟೈಲ್ಸ್ ಅಂಟಿಸಿದ ಈ ಕೈ, ಸ್ವಂತ ಅಡುಗೆಮನೆಯ ಗೋಡೆಯನ್ನೂ ಸಮುದ್ರವಾಗಿಸಿಯೇ ತೀರುತ್ತದೆ ಎಂದು ಭಾನುವಾರ ಬೆಳಗಾಗುವ ಮೊದಲೇ ಘೋಷಿಸಿದೆ! ಕೆಲಸದ ಮನೆಗಳಲ್ಲಿ ಮಿಕ್ಕ ನೀಲಿ ಟೈಲ್ಸುಗಳನ್ನು ಕೂಡಿಟ್ಟಿದ್ದೆ. ಬೆಂಕಿಪೊಟ್ಟಣದಷ್ಟು ಪುಟ್ಟವು. ಎಣಿಸಿದರೆ ಸಾವಿರದ ಒಂಬತ್ತು.

"ಒಂದನ್ನೂ ಕತ್ತರಿಸಲ್ಲ, ಒಂದನ್ನೂ ಉಳಿಸಲ್ಲ, ನಾಲ್ಕು ಮೂಲೆಯೂ ಭರ್ತಿ. ಇದು ನನ್ನ ಶಪಥ!"

"ಶಪಥ ಆಮೇಲೆ. ಸಂಜೆ ನಮ್ಮಕ್ಕ ಊಟಕ್ಕೆ ಬರ್ತಾಳೆ. ಅಷ್ಟರೊಳಗೆ ನನ್ನ ಒಲೆ ನನಗೆ ಬೇಕು," ಎಂದಳು ಹೆಂಡತಿ.

"ಮಧ್ಯಾಹ್ನಕ್ಕೇ ಕೊಡ್ತೀನಿ, ಹೋಗೇ!"

ಒಲೆಯನ್ನು ಬಚ್ಚಲಿಗೆ ಸಾಗಹಾಕಿದೆ. ಬುದ್ಧಿಯಿದ್ದವನು ಮೊದಲು ನೆಲದ ಮೇಲೆ ಜೋಡಿಸಿ ನೋಡುತ್ತಾನೆ. ಸಿಟ್ಟಿದ್ದವನು ನೇರ ಗೋಡೆಗೇ ನುಗ್ಗುತ್ತಾನೆ. ಸಾಲಿಗೆ ಇಪ್ಪತ್ತೆಂಟರಂತೆ ಅಂಟಿಸಿದೆ. ಗೋಡೆ ಬಿಸಿಲಲ್ಲಿ ಕೊಳದಂತೆ ಮಿನುಗಿತು. ಬುಟ್ಟಿಯಲ್ಲಿ ಮಾತ್ರ ಒಂದು ಟೈಲು ಕೂತು ನನ್ನನ್ನೇ ನೋಡುತ್ತಿತ್ತು! ಪಿತ್ತ ನೆತ್ತಿಗೇರಿತು. ಅಂಟು ಒಣಗುವ ಮೊದಲೇ ಎಲ್ಲ ಕಿತ್ತೆ. ಸಾಲಿಗೆ ಇಪ್ಪತ್ತನಾಲ್ಕು. ಮತ್ತೆ ಒಂದು ಮಿಕ್ಕಿತು! ಕಿತ್ತೆ. ಇಪ್ಪತ್ತೊಂದು. ಮತ್ತೂ ಒಂದು! ಅದನ್ನೂ ಕಿತ್ತೆ. ಅಂಟು ಬಾಣಲೆಗೆ ಹತ್ತಿತು, ಸೌಟಿಗೆ ಹತ್ತಿತು, ನನ್ನ ಮೀಸೆಗೂ ಹತ್ತಿತು.

"ಆ ಒಂದನ್ನ ಎಸೀರಿ ಅತ್ಲಾಗೆ!"

"ಒಂದು ಟೈಲಿಗೆ ಹೆದರಿ ಶಪಥ ಬಿಡೋ ಗಂಡಸಲ್ಲ ಕಣೇ ನಾನು!"

ಹೈಸ್ಕೂಲು ಓದುವ ಮಗಳು ಬಂದು ಇಣುಕಿದಳು. "ಅಪ್ಪಾ, ನೀನೇನ್ ಮಾಡಿದ್ರೂ ಆಗಲ್ಲ. ಸಾವಿರದ ಒಂಬತ್ತು ಅವಿಭಾಜ್ಯ."

"ಯಾವನವನು ಅವಿಭಾಜ್ಯ? ಕರಿ ಇಲ್ಲಿ!"

"ಅಯ್ಯೋ, ಸಂಖ್ಯೆ ಅಪ್ಪಾ! ಒಂದರಿಂದ ಭಾಗ ಆಗುತ್ತೆ, ಇಲ್ಲಾ ತನ್ನಿಂದಲೇ ಭಾಗ ಆಗುತ್ತೆ. ಬೇರೆ ಯಾರಿಗೂ ಬಗ್ಗಲ್ಲ. ಏನೂ ಮಿಗಬಾರದು ಅಂದ್ರೆ ಒಂದೇ ಸಾಲಲ್ಲಿ ಅಂಟಿಸ್ಬೇಕು."

ಒಂದೇ ಸಾಲು! ನನ್ನ ಸಿಟ್ಟು ಎಲ್ಲಿ ಇಳಿಯಿತೋ. ಭಾಗಾಕಾರ ಶುರುವಾಗುವ ಮೊದಲೇ ಶಾಲೆ ಬಿಟ್ಟವನು ನಾನು. ಇಂಥ ಸಂಖ್ಯೆಯ ಪರಿಚಯವೇ ಇರಲಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚಿದೆ. ನೀಲಿ ಗೆರೆಯೊಂದು ಕಿಟಕಿಯಿಂದ ಜಾರಿ, ಬೀದಿಯ ಮೇಲೆ ತೇಲುತ್ತ, ಕ್ಷೌರಿಕನ ಕನ್ನಡಿ ದಾಟಿ, ದರ್ಜಿಯ ಬಾಗಿಲು ದಾಟಿ ಹೊರಟಿತು. ಏಳು, ಎಂಟು, ಒಂಬತ್ತು ಎಂಬ ಚಿಲ್ಲರೆ ಅಂಕಿಗಳು, "ನಮ್ಮ ಜೊತೆ ಬಾರಪ್ಪಾ" ಎಂದು ಅಂಗಲಾಚಿದವು. ಅದು ತಿರುಗಿಯೂ ನೋಡಲಿಲ್ಲ. ಮೋಡದೊಳಗೆ ನಡೆದೇ ನಡೆಯಿತು. ಆಹಾ, ಏನು ಗತ್ತು!

ಕಣ್ಣು ಬಿಟ್ಟಾಗ ಸಂಜೆ. ಬೆನ್ನು ಗೋಡೆಗೆ ಭದ್ರವಾಗಿ ಅಂಟಿತ್ತು. ಬಾಗಿಲಲ್ಲಿ ಹೆಂಡತಿ, ಮಗಳು ಚಪ್ಪಲಿ ಮೆಟ್ಟಿ ನಿಂತಿದ್ದರು.

"ಎಲ್ಲಿಗೆ ಹೊರಟ್ರಿ? ಈ ಸಂಖ್ಯೆ ಎಂಥದ್ದು ಗೊತ್ತೇನೇ? ಯಾರಿಗೂ ಜಗ್ಗಲ್ಲ!"

"ಗೊತ್ತಿಲ್ದೆ ಏನು? ಮದುವೆ ಆದಾಗಿಂದ ಅದರ ಜೊತೆನೇ ಸಂಸಾರ ಮಾಡ್ತಿದೀನಿ," ಎಂದಳು. "ಅದಕ್ಕೆ ಹೊಂದೋರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ನೀವೇ. ಒಲೆ ಇನ್ನೂ ಬಚ್ಚಲಲ್ಲೇ ಇದೆ, ನಾನೇ ಊಟಕ್ಕೆ ಅಕ್ಕನ ಮನೆಗೆ ಹೊರಟೆ. ನೀವು ಆ ಇನ್ನೊಬ್ಬರ ಜೊತೆ ಹೊಂದ್ಕೊಂಡಿರಿ!"