ವಿಶ್ರಾಂತಿಯ ಉದ್ಘಾಟನೆ

ತಲೆಗೆ ಪೆಟ್ಟು ಬಿದ್ದು ಮೆದುಳು ಅಲುಗಿದ ಮಹಿಳಾ ಫುಟ್‌ಬಾಲ್ ಆಟಗಾರ್ತಿಯರ ಪುನಶ್ಚೇತನಕ್ಕೆಂದು ಕೋಲಾರದಲ್ಲಿ ಒಂದು ಸಮಿತಿ ವಿಧ್ಯುಕ್ತವಾಗಿ ಅಸ್ತಿತ್ವದಲ್ಲಿದೆ. ಸಮಿತಿಗೆ ಅಧ್ಯಕ್ಷರು, ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು ಇದ್ದಾರೆ. ಪೆಟ್ಟು ಬಿದ್ದವಳು ಮಾತ್ರ ಒಬ್ಬಳೇ, ಸುಗಟೂರಿನ ತ್ರಿವೇಣಿ.

ಮಾಲೂರಿನ ತಂಡದ ಮೇಲೆ ಆಡುವಾಗ ಚೆಂಡಿಗೆ ತಲೆ ಕೊಡಲು ಹಾರಿದವಳ ತಲೆ ಎದುರಾಳಿಯ ತಲೆಗೆ ಬಡಿದಿತ್ತು. ರಕ್ತ ಬರಲಿಲ್ಲ. ಅಂದಿನಿಂದ ಬೆಳಕು ಕಂಡರೆ ಕಣ್ಣು ಮುಚ್ಚುತ್ತಾಳೆ, ತಟ್ಟೆ ಸದ್ದಾದರೂ ಬೆಚ್ಚುತ್ತಾಳೆ. "ಗದ್ದಲ ಬೇಡ, ಬಿಸಿಲು ಬೇಡ. ತಲೆನೋವು ಇಳಿದ ಮೇಲೆ ನಡಿಗೆಯಿಂದ ಶುರು ಮಾಡ್ಲಿ, ಆಮೇಲೆ ನಿಧಾನಕ್ಕೆ ಆಟ. ಅದಕ್ಕೆ ಮುಂಚೆ ಇನ್ನೊಂದು ಪೆಟ್ಟು ಬಿದ್ರೆ ಜೀವಕ್ಕೇ ಅಪಾಯ," ಎಂದರು ಡಾಕ್ಟರು. ತಾಯಿ ಆದಿಲಕ್ಷ್ಮಿ ಸೀದಾ ಸಮಿತಿಯ ಕಚೇರಿಗೆ ಹೋಗಿ ಮಗಳಿಗೆ ವಿಶ್ರಾಂತಿ ಕೇಳಿದಳು.

ಅಧ್ಯಕ್ಷ ಮುರಳಿಮೋಹನ್ ಅವರು ಸಹಾನುಭೂತಿಯಿಂದ ಕಾಫಿ ತರಿಸಿದರು.

"ವಿಶ್ರಾಂತಿ ಕೊಟ್ಟೇ ಕೊಡ್ತೀವಮ್ಮ. ಆದ್ರೆ ಉದ್ಘಾಟನೆ ಆಗ್ಬೇಕಲ್ಲ? ಮುಖ್ಯ ಅತಿಥಿಗಳ ಡೇಟ್ ಸಿಕ್ಕಿಲ್ಲ. ಅಲ್ಲೀವರ್ಗೂ ಪ್ರಾಕ್ಟೀಸಿಗೆ ಬರ್ಲಿ."

"ರೇಷ್ಮೆ ಹುಳ ಪೊರೆ ಬಿಡೋಕೆ ಜ್ವರಕ್ಕೆ ಕೂತ್ರೆ ನಾವು ಹುಳುಮನೇಲಿ ಗಟ್ಟಿಯಾಗಿ ಮಾತೂ ಆಡಲ್ಲ ಸಾರ್. ನನ್ ಮಗಳು ಹುಳಕ್ಕಿಂತ ಕಡೆನಾ?"

"ಹುಳಗಳ ವಿಶ್ರಾಂತಿ ಬೇರೆ ಇಲಾಖೆಗೆ ಸೇರಿದ್ದಮ್ಮ."

ಉದ್ಘಾಟನೆಗೆ ಮೊದಲೇ ವಿಶ್ರಾಂತಿ ಪಡೆದವರನ್ನು ರಾಜ್ಯ ತಂಡದ ಆಯ್ಕೆಗೆ ಪರಿಗಣಿಸತಕ್ಕದ್ದಲ್ಲ ಎಂಬ ನಿಯಮವೂ ಇತ್ತು. ಆ ಆಯ್ಕೆಯೇ ತ್ರಿವೇಣಿಯ ಕನಸು. ಅವಳು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಿಸಿಲಲ್ಲಿ ಓಡಿದಳು. ಆದಿಲಕ್ಷ್ಮಿ ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ಕೂತು ಸಮಿತಿಗೆ ಹಿಡಿ ಶಾಪ ಹಾಕಿದಳು.

ಕೊನೆಗೂ ಡೇಟ್ ಸಿಕ್ಕಿತು. ಶ್ರೀನಿವಾಸಪುರದಿಂದ ತಮಟೆಯವರು ಬಂದರು. ಮುಳಬಾಗಿಲಿನ ಮೈಕ್‌ಸೆಟ್‌ನವರು ಆಳೆತ್ತರದ ಸ್ಪೀಕರ್ ಜೋಡಿಸಿ, ರೋಗಿ ಚೆನ್ನಾಗಿ ಕಾಣಲೆಂದು ಫೋಕಸ್ ಲೈಟನ್ನು ಅವಳ ಮುಖಕ್ಕೇ ತಿರುಗಿಸಿದರು. ಮೌನದ ಮಹತ್ವ ಕುರಿತು ಅತಿಥಿಗಳು ಒಬ್ಬರಾದ ಮೇಲೊಬ್ಬರು ಗಂಟಲು ಹರಿಯುವಂತೆ ಮಾತನಾಡಿದರು. ನೆನಪಿನ ಕಾಣಿಕೆಯಾಗಿ ಶಿವಾರಪಟ್ಟಣದಲ್ಲಿ ಕೆತ್ತಿಸಿದ ಕಲ್ಲಿನ ಫುಟ್‌ಬಾಲನ್ನು ಇಬ್ಬರು ಹೊತ್ತು ತಂದರು.

"ಹೆಡ್ ಮಾಡೋ ಥರ ತಲೆ ಹತ್ರ ಹಿಡೀರಿ," ಎಂದ ಫೋಟೋಗ್ರಾಫರ್.

"ಅಮ್ಮಾ, ತಲೆ ದಿಮ್ ಅಂತದೆ," ಎಂದಳು ತ್ರಿವೇಣಿ.

"ಯೋವ್, ಆಚೆ ತಗೀರಯ್ಯ ಆ ಕಲ್ಲು!" ಎನ್ನುತ್ತ ಆದಿಲಕ್ಷ್ಮಿ ವೇದಿಕೆಗೆ ನುಗ್ಗಿದಳು. ಕಲ್ಲು ತಗಲಲಿಲ್ಲ. ಅಷ್ಟರಲ್ಲಿ ಮಗಳು ತಾನಾಗಿಯೇ ಕುಸಿದಿದ್ದಳು.

ನಿರೂಪಕ ಉಮಾಶಂಕರ್ ಮೈಕ್ ಸರಿಪಡಿಸಿಕೊಂಡರು. "ಬಂಧುಗಳೇ, ನಮ್ಮ ಹೆಮ್ಮೆಯ ಕ್ರೀಡಾಪಟು ಇದೀಗ ವಿಶ್ರಾಂತಿಗೆ ಅಧಿಕೃತವಾಗಿ ಚಾಲನೆ ನೀಡಿದ್ದಾರೆ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಸಮಿತಿಯ ಹೊಸ ಆಂಬುಲೆನ್ಸ್ ಹಾರ ಹಾಕಿಸಿಕೊಂಡು ಪಕ್ಕದಲ್ಲೇ ನಿಂತಿತ್ತು. ತ್ರಿವೇಣಿಯನ್ನು ಮಲಗಿಸಿದ್ದಾಯಿತು. ಗಾಡಿ ಕದಲಲಿಲ್ಲ.

"ಹಸಿರು ನಿಶಾನೆ ತೋರ್ಸ್ದೆ ಹೊರಡಂಗಿಲ್ಲಮ್ಮ," ಎಂದ ಚಾಲಕ ಕದಿರೇಶ. "ಮುಖ್ಯ ಅತಿಥಿಗಳು ಊಟಕ್ಕೆ ಕೂತವ್ರೆ."

ಆದಿಲಕ್ಷ್ಮಿ ಗಾಡಿಗೆ ಸಿಕ್ಕಿಸಿದ್ದ ಹಸಿರು ಬಾವುಟ ಕಿತ್ತುಕೊಂಡು ತಾನೇ ಬೀಸಿದಳು. "ಹೊರಡಪ್ಪಾ, ನಿನ್ ದಮ್ಮಯ್ಯ!"

ಗಾಡಿ ನಾಲ್ಕು ಮಾರು ಹೋಯಿತು. ಅಷ್ಟರಲ್ಲಿ ಫೋಟೋಗ್ರಾಫರ್ ಕೈ ಅಡ್ಡ ಹಿಡಿದ. "ಅಮ್ಮಾ, ಮುಖ ಸಪ್ಪಗೆ ಬಂದಿದೆ. ಇನ್ನೊಂದ್ಸಲ, ಸ್ವಲ್ಪ ನಗ್ತಾ."

ಆಂಬುಲೆನ್ಸ್ ವಿನಯದಿಂದ ಹಿಂದಕ್ಕೆ ಬಂತು. ಒಳಗೆ ತ್ರಿವೇಣಿ ನರಳುತ್ತಿದ್ದಳು. ನಗದಿದ್ದರೆ ಗಾಡಿ ಹೊರಡುವುದಿಲ್ಲವೆಂದು ಆದಿಲಕ್ಷ್ಮಿಗೆ ಅರ್ಥವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಬಾವುಟ ಎತ್ತಿ, ನಕ್ಕಳು.

ಫೋಟೋ ಚೆನ್ನಾಗಿ ಬಂತು.